ಹೈದರನ ವಾಷರು

ಬೆಳ್ಳಾರೆಯ ಹೈದರನಿಗೆ ಐವತ್ತೆರಡು ವರ್ಷ. ಅದರಲ್ಲಿ ಹದಿನೆಂಟು ವರ್ಷ ಶಾರ್ಜಾದ ಗ್ಯಾರೇಜಿನಲ್ಲಿ, ಗಾಡಿಗಳ ಅಡಿಯಲ್ಲಿ ಮಲಗಿಯೇ ಕಳೆದವನು. ಊರಿಗೆ ಬಂದು ಬಾಡಿಗೆ ಜೀಪು ಇಟ್ಟ ಮೇಲೆ ಒಂದು ಬೋಲ್ಟನ್ನೂ ಇನ್ನೊಬ್ಬರ ಕೈಗೆ ಕೊಟ್ಟವನಲ್ಲ. ತನ್ನ ಗಾಡಿಗೆ ತಾನೇ ಡಾಕ್ಟರ್ ಎಂಬ ಜಂಬ ಬೇರೆ.

ಮಂಗಳವಾರ ಮತ್ತು ಶುಕ್ರವಾರ ಆ ಜೀಪು ವಸುಮತಿ ಟೀಚರಿಗೆ ಮೀಸಲು. ನಾಲ್ಕನೇ ಕ್ಲಾಸಿನಲ್ಲಿ ಹೈದರನ ಕಿವಿ ಹಿಂಡಿದ ಅದೇ ಟೀಚರಿಗೆ ಈಗ ಎಪ್ಪತ್ತೈದು ದಾಟಿದೆ. ಡಯಾಲಿಸಿಸ್‌ಗೆಂದು ಪುತ್ತೂರಿಗೆ ಹೋಗಿ ಬರಬೇಕು. ಸ್ಟೀರಿಂಗ್ ಸಡಿಲವಾಗಿ ತಿರುವುಗಳಲ್ಲಿ ಜೀಪು ಅತ್ತಿತ್ತ ಎಳೆಯುತ್ತಿದ್ದಾಗ ಅವರು ಎದುರಿನ ಕಂಬಿ ಹಿಡಿದು ಕಣ್ಣು ಮುಚ್ಚುತ್ತಿದ್ದರು. ಅದನ್ನು ನೋಡಿ ನೋಡಿ ಹೈದರನಿಗೆ ಸಂಕಟವಾಗುತ್ತಿತ್ತು.

ಹಾಗಾಗಿ ಒಂದು ಸೋಮವಾರ, ಪುತ್ತೂರಿನಲ್ಲಿ ಗಾಡಿ ಸಾಮಾನು ಮಾರುವ ಪೋಕರ್‌ನ ಅಂಗಡಿಯಿಂದ ದಪ್ಪನೆಯ ಹೊಸ ಶಾಫ್ಟು, ಸ್ಟೀರಿಂಗ್ ಬಾಕ್ಸಿಗೆ ಎಣ್ಣೆ ಸೋರದಂತೆ ಒಂದು ಹೊಸ ಸೀಲು ತಂದು ಅಂಗಳದಲ್ಲೇ ಕೂರಿಸಿದ. ಮರುದಿನ ಟೀಚರನ್ನು ಕರೆದುಕೊಂಡು ಹೋಗುವಾಗ ಜೀಪು ಹೇಳಿದ ಮಾತು ಕೇಳಿತು. ಹೈದರ್ ದಾರಿಯುದ್ದಕ್ಕೂ ಕೊಚ್ಚಿಕೊಂಡದ್ದೇ ಕೊಚ್ಚಿಕೊಂಡದ್ದು!

ಗುರುವಾರ ಬೆಳಿಗ್ಗೆ ನೋಡಿದರೆ ಜೀಪಿನ ಅಡಿಯಲ್ಲಿ ಕೆಂಪು ಎಣ್ಣೆ. ಅವನ ಪಿತ್ತ ನೆತ್ತಿಗೇರಿತು. ತಡಮಾಡದೆ ಪೋಕರ್‌ಗೆ ಫೋನ್ ಹಚ್ಚಿದ.

"ಎಂತ ಸೀಲ್ ಮಾರಾಯ ನೀನು ಕೊಟ್ಟದ್ದು? ಮೂರೇ ದಿನಕ್ಕೆ ಎಣ್ಣೆ ಸೋರ್ತಾ ಉಂಟು!"

ಪೋಕರ್ ತಣ್ಣಗೆ ಹೇಳಿದ: "ಒರೆಸಿ ಪೌಡರ್ ಹಾಕಿ ನೋಡು. ಎಲ್ಲಿಂದ ಸೋರುದು ಅಂತ ಗೊತ್ತಾಗ್ತದೆ. ಆಮೇಲೆ ಬೇಕಾದಷ್ಟು ಬೈ."

ಹೈದರ್ ಗೊಣಗುತ್ತಲೇ ಬಾಕ್ಸನ್ನು ಡೀಸೆಲ್ ಅದ್ದಿದ ಬಟ್ಟೆಯಿಂದ ಒರೆಸಿ, ಹೆಂಡತಿ ರಮ್ಲತ್‌ಳ ಪೌಡರ್ ಡಬ್ಬಿಯನ್ನು ಅರ್ಧ ಖಾಲಿ ಮಾಡಿ ಇಂಜಿನ್ ಚಾಲೂ ಮಾಡಿದ. ಬೆಳ್ಳಗಿನ ಪುಡಿಯ ಮೇಲೆ ಕೆಂಪು ಗೆರೆ ಮೂಡಿತು. ಸೀಲಿನ ಹತ್ತಿರ ಅಲ್ಲ, ಎಣ್ಣೆ ಪೈಪು ಬಂದು ಸೇರುವ ಬಾಯಿಯಲ್ಲಿ.

ಹೈದರ್ ನಾಲಿಗೆ ಕಚ್ಚಿಕೊಂಡ. ದಪ್ಪ ಶಾಫ್ಟು ತೂರಿಸಲು ಆ ಪೈಪನ್ನು ಬಿಚ್ಚಿದವನು ಅವನೇ. ಬಿಚ್ಚುವಾಗ ಹಳೆಯ ತಾಮ್ರದ ವಾಷರು ತುಂಡಾಗಿತ್ತು. ಒಂದು ವಾಷರಿಗಾಗಿ ಯಾರು ಪುತ್ತೂರಿಗೆ ಹೋಗುವುದೆಂದು, ಅಡಿಕೆಗೆ ಮದ್ದು ಬಿಡುವ ಪಂಪಿನ ರಬ್ಬರ್ ವಾಷರನ್ನು ಹಾಕಿಬಿಟ್ಟಿದ್ದ. ಅಳತೆ ಸರಿಯಾಗಿತ್ತು. ಆದರೆ ಮದ್ದಿನ ನೀರಿಗೆ ಬಾಳುವ ಆ ರಬ್ಬರು, ಬಿಸಿ ಎಣ್ಣೆ ಕುಡಿದು ನೆನೆದ ಕಡಲೆಯಂತೆ ಉಬ್ಬಿತ್ತು.

"ನನ್ನ ಪೌಡರಿಗೆ ಗೊತ್ತಾದದ್ದು ನಿಮ್ಮ ಹದಿನೆಂಟು ವರ್ಷದ ಸರ್ವಿಸಿಗೆ ಗೊತ್ತಾಗ್ಲಿಲ್ವಾ?" ಎಂದಳು ರಮ್ಲತ್.

ಪೋಕರ್‌ಗೆ ಮತ್ತೆ ಫೋನ್ ಮಾಡಿ ತಪ್ಪಾಯಿತೆಂದದ್ದೂ ಆಯಿತು. ಅವನು ನಕ್ಕು, ಮೂರು ಗಂಟೆಯ ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಾಮ್ರದ ವಾಷರು ಕಳಿಸಿದ. ಹೈದರ್ ಅದನ್ನು ಕೂರಿಸಿ, ಹೊಸ ಎಣ್ಣೆ ತುಂಬಿಸಿ, ಗುಳ್ಳೆ ನಿಲ್ಲುವವರೆಗೆ ಸ್ಟೀರಿಂಗನ್ನು ಎರಡೂ ಕಡೆ ಪೂರ್ತಿ ತಿರುಗಿಸಿದ. ನಿಂತಿಕಲ್ಲಿನವರೆಗೆ ಓಡಿಸಿ ಬಂದು ಅಡಿಗೆ ರಟ್ಟು ಹಾಸಿದ. ಒಂದು ಹನಿಯೂ ಬೀಳಲಿಲ್ಲ.

ಆದರೂ ರಾತ್ರಿ ಊಟಕ್ಕೆ ಕೂತವನು, ಟೀಚರಿಗೆ ಹೇಳಬೇಕು ಎಂದ. ಮಂಗಳವಾರ ಟೀಚರನ್ನು ಕೂರಿಸಿಕೊಂಡು ಹೋದದ್ದು ಅದೇ ಹಾಳು ವಾಷರಿನಲ್ಲಿ.

"ಸರಿಯಾಯ್ತಲ್ಲ, ಇನ್ನು ಹೇಳಿ ಅವರನ್ನು ಹೆದರಿಸುದು ಎಂತಕ್ಕೆ?" ಎಂದಳು ರಮ್ಲತ್. ಅದೂ ಹೌದು. ಹೇಳಿದರೆ ಅವರು ಇನ್ನು ತನ್ನ ಜೀಪು ಹತ್ತದೆ ಹೋದಾರು. ಬಾಡಿಗೆ ಹೋದರೆ ಹೋಗಲಿ, ಟೀಚರ ನಂಬಿಕೆ ಹೋದರೆ? ಅವನಿಗೆ ನಿಜವಾಗಿಯೂ ಭಯವಾಯಿತು.

ಶುಕ್ರವಾರ ಬೆಳಿಗ್ಗೆ ಆರು ಗಂಟೆಗೆ ಟೀಚರ ಅಂಗಳದಲ್ಲಿ ಜೀಪು ನಿಲ್ಲಿಸಿದ. ಅವರು ಮೆಟ್ಟಿಲಿಳಿದು ಬರುವಷ್ಟರಲ್ಲಿ ಎದುರು ಹೋಗಿ ನಿಂತ.

"ಟೀಚರ್, ಹತ್ತುವ ಮೊದಲು ಒಂದು ಮಾತು ಕೇಳಿ," ಎಂದು ರಬ್ಬರ್ ವಾಷರಿನಿಂದ ತಾಮ್ರದ ವಾಷರಿನವರೆಗೆ ಎಲ್ಲವನ್ನೂ ಹೇಳಿದ. "ತಪ್ಪು ನನ್ನದೇ. ಈಗ ಸರಿ ಮಾಡಿದ್ದೇನೆ. ಆದ್ರೂ ಬೇಡ ಅಂದ್ರೆ ಬೇರೆ ಗಾಡಿ ತರಿಸ್ತೇನೆ."

ಟೀಚರ್ ತುಳಸಿಕಟ್ಟೆಯ ಪಕ್ಕದ ನೆಲ ತೋರಿಸಿದರು. ಅಲ್ಲಿ ನಾಲ್ಕು ಕೆಂಪು ಬೊಟ್ಟು ಒಣಗಿ ಅಂಟಿದ್ದವು.

"ಮಂಗಳವಾರವೇ ನೋಡಿದ್ದೇನೆ. ನೀನಾಗಿ ಹೇಳ್ತೀಯೋ ಇಲ್ವೋ ಅಂತ ಕಾಯ್ತಿದ್ದೆ."

ಟೀಚರ್ ಚೀಲದಿಂದ ಫೋನ್ ತೆಗೆದರು.

"ಗಿರಿಧರಾ, ಇವತ್ತಿಗೆ ನಿನ್ನ ಜೀಪು ಬೇಕಂತ ನಿನ್ನೆ ಹೇಳಿಟ್ಟಿದ್ದೆನಲ್ಲ? ಬರುದು ಬೇಡ ಮಾರಾಯ. ನಮ್ಮ ಹೈದರ್ ಬಂದಿದ್ದಾನೆ."