ತಿಮರೆ ಚಟ್ನಿಯೂ ಎರಡು ಸೂರ್ಯರೂ

ತಿಮರೆ ಸೊಪ್ಪನ್ನು, ನೀವು ಒಂದೆಲಗ ಎನ್ನುತ್ತೀರೇನೋ, ಕಿತ್ತ ಕೂಡಲೇ ಬೆರಳಿಗೆ ಹಸಿಮಣ್ಣಿನ ವಾಸನೆ ಹತ್ತುತ್ತದೆ. ಮೊನ್ನೆ ನಮ್ಮ ಮಾಳಿಗೆಯ ಬಾಡಿಗೆಯವಳು ರಶ್ಮಿ ಒಂದು ಹಿಡಿ ಕೇಳಿಕೊಂಡು ಬಂದಳು. ತನಗೆ ಬೈಪೋಲಾರ್ ಕಾಯಿಲೆ ಇರುವುದನ್ನು ಅವಳು ನನ್ನಿಂದ ಮುಚ್ಚಿಟ್ಟವಳಲ್ಲ. “ಮನಸ್ಸಿಗೆ ಇದು ಒಳ್ಳೆಯದಂತೆ ಆಂಟಿ. ಮಾತ್ರೆ ಒಂದು ತಿಂಗಳು ಬಿಟ್ಟು ಇದನ್ನೇ ತಿಂದು ನೋಡುವ ಅಂತ” ಎಂದಳು. ಕಿತ್ತ ಸೊಪ್ಪು ನನ್ನ ಕೈಯಲ್ಲೇ ಉಳಿಯಿತು.

ಅರುವತ್ತರ ದಶಕದ ಮೊದಲ ವರ್ಷಗಳು. ಸಿದ್ಧಕಟ್ಟೆಯ ನನ್ನ ಚಿಕ್ಕಮ್ಮನಿಗೆ ಹೊಲಿಗೆಯೇ ಉಸಿರು. ಆದರೆ ಕೆಲವು ತಿಂಗಳು ಅವರ ಮಾತು, ಹಾಡು, ಕೆಲಸ ಯಾವುದಕ್ಕೂ ತಡೆಯಿಲ್ಲ. ಕೆಲವು ತಿಂಗಳು ಗೋಡೆಗೆ ಮುಖ ಮಾಡಿ ಮಲಗಿದವರು ಊಟಕ್ಕೂ ಏಳುತ್ತಿರಲಿಲ್ಲ. ಅದಕ್ಕೆ ನಮ್ಮ ಮನೆಯಲ್ಲಿದ್ದ ಹೆಸರು, ತಲೆಗೆ ಉಷ್ಣ ಏರಿದೆ ಎಂದು. ಮಂಗಳೂರಿನ ಡಾಕ್ಟರ ಮಾತ್ರೆಗಳಿಂದ ಅವರು ಒಂದು ಹದಕ್ಕೆ ಬಂದರು ನಿಜ, ಕೈ ಮಾತ್ರ ನಡುಗತೊಡಗಿತು. “ಸೂಜಿ ಒಂದು ಕಡೆ, ದಾರ ಒಂದು ಕಡೆ. ಹೀಗೆ ಗುಣ ಆಗಿ ಏನು ಮಾಡ್ಲಿಕ್ಕುಂಟು ಮಗಾ?” ಎಂದು ಕೇಳಿದ್ದರು.

ನಾನಾಗ ಬೇಸಗೆ ರಜೆಗೆ ಬೋರ್ಡಿಂಗ್ ಶಾಲೆಯಿಂದ ಬಂದಿದ್ದೆ. ಕಾನ್ವೆಂಟಿನಲ್ಲಿ ನಾನು ಕಲಿತ ವೈದ್ಯವೆಂದರೆ ಹರಳೆಣ್ಣೆ ಒಂದೇ. ತಲೆನೋವಿಗೂ ಅದೇ, ಸುಳ್ಳು ಹೇಳಿದರೂ ಅದೇ. ಆದರೆ ಸಿಸ್ಟರ್ ನಮ್ಮಿಂದ ಹವಾಮಾನದ ಪಟ್ಟಿ ಬರೆಸುತ್ತಿದ್ದರು, ದಿನಕ್ಕೊಂದು ಚೌಕ, ಅದರಲ್ಲಿ ಸೂರ್ಯ ಇಲ್ಲವೆ ಮೋಡ. ನಾನು ಚಿಕ್ಕಮ್ಮನಿಗೂ ಗುಟ್ಟಾಗಿ ಒಂದು ಪಟ್ಟಿ ಶುರುಮಾಡಿದೆ, ಅವರು ಗೆಲುವಾಗಿದ್ದ ದಿನ ಸೂರ್ಯ, ಮಲಗಿದ ದಿನ ಮೋಡ. ದೊಡ್ಡ ವಿಜ್ಞಾನಿಯ ಜಂಬ.

ಬಂದ ನೆಂಟರೆಲ್ಲ ಒಂದೊಂದು ಮದ್ದು ಹೇಳಿ ಹೋಗುವವರೇ. ಕೊನೆಗೆ ಮೂಡಬಿದ್ರೆಯಿಂದ ಆಯುರ್ವೇದದ ಪಂಡಿತರು ಬಂದು, ನೆತ್ತಿಗೆ ಎಣ್ಣೆ, ಊಟಕ್ಕೆ ತಿಮರೆ ಚಟ್ನಿ ಎಂದರು. ಒಂದು ಹೊಟ್ಟೆಯಲ್ಲಿ ಎರಡು ಮದ್ದು ಕೂಡದೆಂದು ಮನೆಯವರೇ ತೀರ್ಮಾನಿಸಿ ಮಾತ್ರೆಯ ಡಬ್ಬಿಯನ್ನು ಕಪಾಟಿಗೆ ಸೇರಿಸಿದರು. ಪಂಡಿತರನ್ನು ಯಾರೂ ಕೇಳಲಿಲ್ಲ. ಆ ದಿನದ ಚೌಕದಲ್ಲಿ ನಾನು ಡಬ್ಬಿಯ ಚಿತ್ರ ಬರೆದೆ.

ಮೊದಲ ವಾರ ಬರೀ ಸೂರ್ಯ. ನಡುಕ ನಿಂತಿತು, ಚಿಕ್ಕಮ್ಮ ಹಾಡಿಕೊಂಡು ದಾರ ಪೋಣಿಸಿದರು. ಎಲ್ಲರೂ ತಿಮರೆಯನ್ನು ಹೊಗಳುವವರೇ. ಎರಡನೆಯ ವಾರ ನಾನು ಖುಷಿಯಲ್ಲಿ ಒಂದೊಂದು ಚೌಕಕ್ಕೆ ಎರಡೆರಡು ಸೂರ್ಯ ಬರೆದೆ. ಮೂರನೆಯ ವಾರ ಅವರು ತಮ್ಮ ಏಳು ಸೀರೆಗಳನ್ನೂ ನನ್ನ ಯೂನಿಫಾರ್ಮನ್ನೂ ಕತ್ತರಿಸಿ, ಊರಿಗೆಲ್ಲ ರವಿಕೆ ಹೊಲಿಯಲು ಕುಳಿತರು. ಚಿಕ್ಕಪ್ಪ ಕತ್ತರಿಯನ್ನು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ಆಸ್ಪತ್ರೆಗೆ ಸೇರಿಸಿಬಿಡುವ ಎಂಬ ಮಾತೂ ಬಂತು.

ಪಂಡಿತರು ಮತ್ತೆ ಬಂದಾಗ ಹೆದರುತ್ತಲೇ ಪಟ್ಟಿ ತೋರಿಸಿದೆ. ಅವರ ಬೆರಳು ಡಬ್ಬಿಯ ಮೇಲೆ ನಿಂತಿತು. “ಮಾತ್ರೆ ಬಿಡ್ಲಿಕ್ಕೆ ಯಾರು ಹೇಳಿದ್ದು? ನನ್ನ ಎಣ್ಣೆ ಅದರ ಜಾಗದಲ್ಲಿ ಕೂರ್ಲಿಕ್ಕೆ ಬಂದದ್ದಲ್ಲ, ಪಕ್ಕದಲ್ಲಿ ಕೂರ್ಲಿಕ್ಕೆ. ಕೈ ನಡುಗುದನ್ನು ಆ ಡಾಕ್ಟ್ರಿಗೆ ಹೇಳಿದ್ದೀರಾ?”

ಯಾರೂ ಹೇಳಿರಲಿಲ್ಲ.

ಚಿಕ್ಕಪ್ಪ ಚಿಕ್ಕಮ್ಮನನ್ನೂ ಪಟ್ಟಿಯನ್ನೂ ಬಸ್ಸಿನಲ್ಲಿ ಮಂಗಳೂರಿಗೆ ಕರೆದೊಯ್ದರು. ಡಾಕ್ಟರು ಪಟ್ಟಿಯನ್ನು ಬಹಳ ಹೊತ್ತು ನೋಡಿ, ಮಾತ್ರೆಯನ್ನು ಮತ್ತೆ ಶುರುಮಾಡಿಸಿ ಅದರ ಅಳತೆಯನ್ನು ಬದಲಿಸಿದರಂತೆ. ನಡುಕ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ತಿಮರೆಯಿಂದ ಏನಾಯಿತೋ ನನಗೆ ಇಂದಿಗೂ ಗೊತ್ತಿಲ್ಲ. ದಿನಾ ಅರ್ಧ ಗಂಟೆ ನೆತ್ತಿಗೆ ಎಣ್ಣೆ ತಟ್ಟುವಾಗ ಚಿಕ್ಕಮ್ಮನ ಮುಖ ಸಡಿಲಾಗುತ್ತಿದ್ದುದಂತೂ ಹೌದು. ಎಣ್ಣೆಯ ಗುಣವೋ, ಕೈಯ ಗುಣವೋ.

ಹದಕ್ಕೆ ಬಂದ ಮೇಲೆ ಒಂದು ಮಧ್ಯಾಹ್ನ ಅವರು ನನ್ನ ಪಟ್ಟಿಯನ್ನು ಬಿಡಿಸಿ ಕುಳಿತರು. ಬೈಯುತ್ತಾರೆಂದುಕೊಂಡೆ. “ಎರಡು ಸೂರ್ಯ ಬರೆದದ್ದು ತಪ್ಪು ಮಾರಾಯ್ತಿ. ಅದು ಬಿಸಿಲಲ್ಲ, ಬೆಂಕಿ” ಎಂದು ಪೆನ್ಸಿಲು ಕಿತ್ತುಕೊಂಡು ತಿದ್ದಿದರು. ಅಂದಿನಿಂದ ಪಟ್ಟಿ ಅವರದಾಯಿತು. ಎರಡನೆಯ ಸೂರ್ಯ ಇಣುಕುವ ಮೊದಲೇ ತಾವಾಗಿ ಮಂಗಳೂರಿಗೆ ಹೊರಡುತ್ತಿದ್ದರು. ಚಿಕ್ಕಪ್ಪ ಕತ್ತರಿಯನ್ನು ಹೊಲಿಗೆ ಮೆಷಿನಿನ ಮೇಲೆ ತಂದಿಟ್ಟರು. ಬೋರ್ಡಿಂಗಿಗೆ ಹೊರಡುವ ಮುನ್ನ ಹತ್ತು ಸೂಜಿಗೆ ದಾರ ಪೋಣಿಸಿಡುವುದು ಪ್ರತಿ ರಜೆಯಲ್ಲೂ ನನ್ನ ಕೆಲಸವಾಯಿತು.

ಇಷ್ಟನ್ನೂ ಮೆಟ್ಟಿಲ ಮೇಲೆ ಕುಳಿತು ಹೇಳಿದೆ. ರಶ್ಮಿ ತನ್ನ ಬಲಗೈಯನ್ನು ಮುಂದೆ ಚಾಚಿದಳು. ಬೆರಳುಗಳು ಸಣ್ಣಗೆ ನಡುಗುತ್ತಿದ್ದವು.

“ಡಾಕ್ಟರಿಗೆ ಹೇಳಿದ್ದೀಯಾ?”

“ಇಲ್ಲ ಆಂಟಿ. ನಾಳೆ ಹೇಳ್ತೇನೆ. ಮಾತ್ರೆ ಬಿಡುದಿಲ್ಲ.”

ತಿಮರೆಯನ್ನು ಅವಳ ಮಡಿಲಿಗೆ ಹಾಕಿದೆ. ಪಕ್ಕದಲ್ಲೇ ಸೆರಗಿನ ಹೊಲಿಗೆ ಬಿಚ್ಚಿದ ನನ್ನ ಸೀರೆಯೂ ದಾರವಿಲ್ಲದ ಸೂಜಿಯೂ ಬಿದ್ದಿದ್ದವು. ವಯಸ್ಸಾಗಿ ಈಗ ನನ್ನ ಕಣ್ಣು ಮಂಜು. ಸೂಜಿಯನ್ನು ನಾನು ಹಿಡಿದೆ, ದಾರವನ್ನು ಅವಳು. ಮೂರನೆಯ ಸಲಕ್ಕೆ ದಾರ ಒಳಗೆ ಹೋಯಿತು.