ನಾಯಿಗಳ ಮೂತಿಗೆ ಮೆತ್ತಿದ್ದ ಹಿಟ್ಟು

ದೆವ್ವ, ಗಾಳಿ, ಮೈಮೇಲೆ ಬರುವುದು ಅಂತೆಲ್ಲ ಯಾರಾದರೂ ಮಾತು ತೆಗೆದರೆ ನನಗೆ ಮೊದಲಿನಿಂದಲೂ ಮೈ ಉರಿಯುತ್ತಿತ್ತು. ಪಾಂಡವಪುರದಲ್ಲಿ ನನ್ನದೊಂದು ಮೋಟರ್ ರಿಪೇರಿ ಅಂಗಡಿ. ಬೋರ್‌ವೆಲ್ ಮೋಟರು ಸುಟ್ಟುಹೋದರೆ ಬಿಚ್ಚಿ, ಹೊಸದಾಗಿ ತಾಮ್ರದ ತಂತಿ ಸುತ್ತಿಕೊಡುವುದು ಕೆಲಸ. ಅಂಗಡಿ ಮುಂದಿನ ಬೆಂಚಿನ ಮೇಲೆ ಕೂತ ರೈತರು ಕಾಯುವ ಹೊತ್ತಿನಲ್ಲಿ ಸುಮ್ಮನಿರುತ್ತಾರೆಯೇ? "ನಮ್ಮೂರ್ ಕೆರೆ ಏರಿ ಮ್ಯಾಲೆ ಒಂದ್ ಎಂಗ್ಸು ನಿಂತಿತ್ತು ಕಣಣ್ಣೋ" ಅಂತ ಶುರುಮಾಡುತ್ತಿದ್ದರು. "ಎಷ್ಟ್ ಆಕಿದ್ದೆ ಅವತ್ತು?" ಎಂದು ಕೇಳಿ ಬಾಯಿ ಮುಚ್ಚಿಸುತ್ತಿದ್ದೆ. ಈಗ ನಾನೇ ಅಂಥದ್ದೊಂದನ್ನು ಬರೆಯಲು ಕೂತಿದ್ದೇನೆ. ನೀವೂ ಹಾಗೆ ಕೇಳಬಹುದು, ಬೇಜಾರಿಲ್ಲ. ನಾನು ಕುಡಿಯುವವನಲ್ಲ. ನಡೆದದ್ದು ಬಟಾಬಯಲಿನಲ್ಲಿ, ಮಟಮಟ ಮಧ್ಯಾಹ್ನ.

ಇದು ನನ್ನ ಅಕ್ಕನ ಗಂಡನ ವಿಷಯ. ಭಾವನ ಊರು ನಾಗಮಂಗಲದ ಕಡೆ. ತೆಂಗು, ರಾಗಿ, ನಾಲ್ಕು ಸೀಮೆಹಸು. ನದಿಯೆಂದರೆ ಬಸ್ಸಿನ ಕಿಟಕಿಯಲ್ಲಿ ನೋಡಬೇಕು, ಅಂಥ ಒಣ ಸೀಮೆ. ಆ ಮನುಷ್ಯನಿಗೆ ಮೀನಿನ ಹುಚ್ಚು ಎಲ್ಲಿಂದ ಅಂಟಿತೋ ದೇವರೇ ಬಲ್ಲ. ಬೇಸಿಗೆ ಬಂತೆಂದರೆ ಹಾಲು ಕರೆಯುವ ಕೆಲಸ ಅಕ್ಕನ ತಲೆಗೆ ಕಟ್ಟಿ, ಎರಡು ನಾಯಿಗಳನ್ನು ಲಗೇಜ್ ಆಟೋಗೆ ಹತ್ತಿಸಿಕೊಂಡು ಕೆ.ಆರ್.ಪೇಟೆ ಕಡೆಯ ಹಿನ್ನೀರಿಗೆ ಬಂದುಬಿಡುತ್ತಿದ್ದರು. ಬಂದವರೇ ನನಗೆ ಫೋನು. "ಲೇ ಬಾಮೈದ, ಅಂಗ್ಡಿ ಬಾಗ್ಲು ಎಳ್ದು ಬಾರ್ಲಾ. ಗೆಂಡೆಗೋಳು ನಿನ್ನೇ ಕೇಳ್ತಾ ಅವೆ!" ನಾನೂ ಬಾಗಿಲು ಎಳೆದು ಹೋಗುತ್ತಿದ್ದೆ. ವಾರ, ಹತ್ತು ದಿನ ಅಲ್ಲೇ ಬಿಡಾರ.

ಅಣೆಕಟ್ಟೆಯ ನೀರು ಇಳಿದು, ಒದ್ದೆ ಮಣ್ಣಿನ ದೊಡ್ಡ ಬಯಲು ಬಿದ್ದಿರುತ್ತಿತ್ತು. ಜಾಲಿ ಮರಕ್ಕೆ ಟಾರ್ಪಾಲು ಕಟ್ಟಿ, ಮೂರು ಕಲ್ಲಿನ ಒಲೆ ಹೂಡಿ, ಮುದ್ದೆ ಬೇಯಿಸಿಕೊಂಡು ಇರುತ್ತಿದ್ದೆವು. ನಾಯಿಗಳಲ್ಲಿ ದೊಡ್ಡದು ಕೆಂಚ, ಚಿಕ್ಕದು ಡುಮ್ಮಿ. ಭಾವ ನನ್ನ ಜೊತೆ ಆಡಿದ್ದಕ್ಕಿಂತ ಅವುಗಳ ಜೊತೆ ಆಡಿದ ಮಾತೇ ಹೆಚ್ಚು. ಗಾಳ ಹಾಕಿ ಕೂತರೆ ಆ ಕಡೆ ಕೆಂಚ, ಈ ಕಡೆ ಡುಮ್ಮಿ. ನಾನು ಹಿಂದೆ ಎಲ್ಲೋ. "ನಾಯಿಗಿಂತ ಕಡೆ ಆದ್ನಲ್ಲ ಬಾವ" ಎಂದರೆ, "ಅವು ಬಾಯ್ ಮುಚ್ಕಂಡ್ ಕೂತಿರ್ತವೆ, ನೀನು?" ಎನ್ನುತ್ತಿದ್ದರು.

ಗೆಂಡೆ ಜಾತಿಯ ಮೀನು ಹಿಡಿಯುವವರಿಗೆ ಒಂದು ಕ್ರಮವಿದೆ. ಹೋದ ದಿನವೇ ಗಾಳ ಹಾಕಿದರೆ ಏನೂ ಸಿಗುವುದಿಲ್ಲ. ಒಂದು ಜಾಗ ಗೊತ್ತುಮಾಡಿ, ನೀರಿನಲ್ಲಿ ಗುರುತಿಗೆ ಬಿದಿರು ನೆಟ್ಟು, ಬೆಳಿಗ್ಗೆ ಸಂಜೆ ತಪ್ಪದೆ ತಿಂಡಿ ಎಸೆಯಬೇಕು. ನಾಲ್ಕು ದಿನದಲ್ಲಿ ಮೀನುಗಳಿಗೆ ಆ ಜಾಗ ರೂಢಿಯಾಗುತ್ತದೆ. ಬೇಸಿಗೆಯಲ್ಲಿ ನೀರು ದಿನಾ ಹಿಂದೆ ಸರಿಯುವುದರಿಂದ ಬಿದಿರನ್ನೂ ಕಿತ್ತು ಮುಂದೆ ಮುಂದೆ ನೆಡುತ್ತಿರಬೇಕು. ಭಾವ ರಾಗಿ ಹಿಟ್ಟು, ಕಡಲೆಕಾಯಿ ಹಿಂಡಿ, ತೌಡು ಹಾಕಿ ಬಿಸಿನೀರಿನಲ್ಲಿ ಕಲೆಸುತ್ತಿದ್ದರು. ಅದಕ್ಕೆ ಅಕ್ಕ ಮನೆಯಲ್ಲಿ ಹುರಿದು ಕುಟ್ಟಿಕೊಟ್ಟ ಮೆಂತ್ಯ, ಇಂಗಿನ ಪುಡಿ. ಅಬ್ಬಾ, ಆ ವಾಸನೆ! ಅಂಗಿ ಎರಡು ಸಲ ಒಗೆದರೂ ಹೋಗುತ್ತಿರಲಿಲ್ಲ. ನೀರಿಗೆ ಎಸೆದು ಉಳಿದ ಕೊನೆಯ ಉಂಡೆ ನಾಯಿಗಳದ್ದು. ಭಾವನ ಅಂಗೈಯಿಂದಲೇ ತಿಂದು, ಮೂತಿಗೆಲ್ಲ ಮೆತ್ತಿಕೊಂಡು, ನನ್ನ ಪಂಚೆಗೆ ಒರೆಸಲು ಬರುತ್ತಿದ್ದವು.

ಇನ್ನೊಂದು ಚಾಳಿಯನ್ನೂ ಹೇಳಬೇಕು. ತಿಂಡಿ ಹಾಕಿ ಪಳಗಿಸಿದ ಒಳ್ಳೆಯ ಜಾಗವನ್ನು ಗಾಳದವರು ಹೆತ್ತ ಅಪ್ಪನಿಗೂ ತೋರಿಸುವುದಿಲ್ಲ. ನನ್ನ ಭಾವ ನನಗೆ ತೋರಿಸಿಯಾರೇ? ಇಬ್ಬರೂ ಗಾಳ ಹಾಕುವುದು ಬಿಡಾರದ ಮುಂದಿನ ಬಿದಿರಿನ ಹತ್ತಿರ. ಆದರೆ ಆ ವರ್ಷ ಮಧ್ಯಾಹ್ನವಾದರೆ ಸಾಕು, ಮುಚ್ಚಳದ ಡಬ್ಬವೊಂದನ್ನು ಹೆಗಲಿಗೆ ಹಗ್ಗದಲ್ಲಿ ನೇತುಹಾಕಿಕೊಂಡು, ನಾಯಿಗಳ ಜೊತೆ ಎಡಗಡೆಯ ಜಾಲಿ ಪೊದೆ ದಾಟಿ ಹೋಗುತ್ತಿದ್ದರು. "ಬೈಲ್ ಕಡೀಕ್ ಓಗ್ಬತ್ತೀನಿ ಕಣ್ಲಾ." ಬಯಲ ಕಡೆಗೆ ಹೋಗುವವರ ಕೈಯಲ್ಲಿ ಡಬ್ಬ ಇರುವುದೇ ಅಲ್ಲವೇ, ನನಗೇನೂ ಅನ್ನಿಸಲಿಲ್ಲ. ಮುಚ್ಚಳ ಯಾಕೆ ಅಂತಲಾದರೂ ಕೇಳಬಹುದಿತ್ತು.

ಆ ದಿನ ಮಧ್ಯಾಹ್ನ ನಾನು ಅಕ್ಕಿ, ಎಣ್ಣೆ ತರಲು ಬೈಕಿನಲ್ಲಿ ಪೇಟೆಗೆ ಹೊರಟೆ. ಬೈಕಿನ ಹಿಂದೆ ಓಡಿಬರುತ್ತವೆಂದು ನಾಯಿಗಳನ್ನು ಜಾಲಿ ಮರಕ್ಕೆ ಕಟ್ಟಿದೆ. ಭಾವ ಟಾರ್ಪಾಲಿನ ಕೆಳಗೆ ಮಲಗಿ ಬೀಡಿ ಸೇದುತ್ತಿದ್ದರು. ಸಂಜೆ ಬಂದಾಗ ನಾಯಿಗಳು ಕಟ್ಟಿದಲ್ಲೇ ಬೊಗಳಿ ಬೊಗಳಿ ಗಂಟಲು ಕಟ್ಟಿಕೊಂಡಿದ್ದವು. ಭಾವ ಇಲ್ಲ. ಅವರ ಚಪ್ಪಲಿ, ಟವಲು ನಮ್ಮ ಬಿದಿರಿನ ನೇರಕ್ಕೆ ಈಚೆ ದಡದಲ್ಲಿದ್ದವು. ಕೆಸರಿನಲ್ಲಿ ಅವರು ಚಪ್ಪಲಿ ಮೆಟ್ಟುತ್ತಿರಲಿಲ್ಲ, ದಿನಾ ಅಲ್ಲೇ ಬಿಡುತ್ತಿದ್ದರು. ಅದು ನನಗೆ ಗೊತ್ತಿದ್ದ ಮಾತೇ. ಆದರೆ ಆ ಗಳಿಗೆಯಲ್ಲಿ ಚಪ್ಪಲಿ ಕಂಡವನಿಗೆ ಇಲ್ಲೇ ನೀರಿಗಿಳಿದಿದ್ದಾರೆ ಎನ್ನುವುದು ಬಿಟ್ಟು ಬೇರೆ ಹೊಳೆಯಲಿಲ್ಲ. ಭಾವನಿಗೆ ಈಜು ಅಷ್ಟಕ್ಕಷ್ಟೆ.

ಕೂಗಿಕೊಂಡೆ. ತೆಪ್ಪದಲ್ಲಿ ಬಲೆ ಬಿಡುವ ಪುಟ್ಟಸಾಮಿ ಎಂಬ ಆ ಕಡೆಯ ಮೀನುಗಾರ ಮೊದಲು ಬಂದ. ಆಮೇಲೆ ಊರವರು, ಪೊಲೀಸಿನವರು, ಅಗ್ನಿಶಾಮಕದವರು. ಎಲ್ಲರಿಗೂ ನಾನು ತೋರಿಸಿದ್ದು ಆ ಬಿದಿರನ್ನೇ. ಪಾಪ, ಅವರು ಅಲ್ಲೇ ಹುಡುಕಿದರು. ನಾಯಿಗಳು ಬಂದವರ ಮೇಲೆಲ್ಲ ಬೀಳುತ್ತಿದ್ದವೆಂದು ಯಾರೋ ಅವನ್ನು ದೂರದ ಪಂಪ್‌ಸೆಟ್ ಮನೆಯೊಳಗೆ ಕೂಡಿ ಚಿಲಕ ಹಾಕಿದರು. ಆಮೇಲೆ ಅವುಗಳ ನೆನಪೇ ಯಾರಿಗೂ ಆಗಲಿಲ್ಲ.

ಮಾರನೆಯ ಬೆಳಿಗ್ಗೆ ಅಕ್ಕ ಬಂದಳು. ಅಳಲಿಲ್ಲ. ಒಂದು ಗೋಣಿಚೀಲದ ಮೇಲೆ ನೀರಿಗೆ ಮುಖ ಮಾಡಿ ಕೂತವಳು ಏಳಲೇ ಇಲ್ಲ. ಊರವರು ತಂದ ಊಟ ಮುಟ್ಟಲಿಲ್ಲ. ನಾನು ನೀರಿನ ಲೋಟ ಬಾಯಿಗಿಟ್ಟರೆ ತಳ್ಳಿದಳು. "ಅವ್ರ್ ಮೊಕ ನೋಡೋಗಂಟ ಒಂದ್ ತೊಟ್ಟು ನೀರೂ ಬ್ಯಾಡ ಕಣ್ಲಾ ನಂಗೆ." ನನಗೆ ಎಲ್ಲಿತ್ತೋ ಸಿಟ್ಟು, ಟಾರ್ಪಾಲಿನ ಕೆಳಗಿದ್ದ ಹಿಟ್ಟು, ಹಿಂಡಿ, ಮೆಂತ್ಯದ ಪುಡಿ, ಗಾಳದ ಕೋಲು ಎಲ್ಲವನ್ನೂ ಒದ್ದು ಒದ್ದು ನೀರಿಗೆ ಹಾಕಿದೆ. ಒಂದು ಹಿಡಿ ಹಿಟ್ಟೂ ಉಳಿಯಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ.

ಮೂರನೆಯ ದಿನ ಬಿಸಿಲು ನೆತ್ತಿಗೇರಿದಾಗ ಭಾವನ ಅಣ್ಣ ನನ್ನನ್ನು ಪಕ್ಕಕ್ಕೆ ಕರೆದರು. ಇನ್ನು ಹುಡುಕಿ ಫಲವಿಲ್ಲ, ಸಂಜೆಗೆ ಎಲ್ಲರೂ ಹೊರಡುತ್ತಾರೆ, ಅವನ ಬಟ್ಟೆಯನ್ನೇ ಸೌದೆಯ ಮೇಲಿಟ್ಟು ಕಾರ್ಯ ಮುಗಿಸೋಣ ಎಂದರು. ಅಕ್ಕನಿಗೆ ಕೇಳಿಸಿತು. "ಅಂಗಿ ಸುಟ್ಟು ನಾನ್ ತಾಳಿ ತೆಗೀಬೇಕಾ ಬಾವ? ನಾಳೀಕ್ ಬಾಗ್ಲಲ್ಲಿ ಸದ್ದಾದ್ರೆ ಅವ್ರೇ ಬಂದ್ರು ಅಂತ ಜೀವ್ಮಾನ ಎದ್ದೆದ್ ನೋಡ್ಲಾ?" ಅಂದಳು. ನನಗಂತೂ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಆ ಹೊತ್ತಿಗೆ ನಮಗೆ ಬೇಕಾಗಿದ್ದದ್ದು ಜೀವವಲ್ಲ, ಅದರ ಆಸೆ ಯಾವಾಗಲೋ ಹೋಗಿತ್ತು. ಅಕ್ಕನಿಗೆ ತೋರಿಸಲು ಒಂದು ಮುಖ ಬೇಕಿತ್ತು, ಅಷ್ಟೆ.

ಆಗ ಪುಟ್ಟಸಾಮಿ ಪಂಪ್‌ಸೆಟ್ ಮನೆ ಕಡೆಯಿಂದ ಬೈದುಕೊಂಡು ಬಂದ. "ಅಯ್ಯೋ ನಿಮ್ ಮನೆ ಕಾಯೋಗ, ಮೂಗ್ ಪ್ರಾಣಿಗಳ್ನ ಉಪಾಸ ಕೆಡವ್ಬುಟ್ಟೀರಲ್ರಪ್ಪಾ! ಒಳ್ಗೆ ನೀರೂ ಇಲ್ಲ." ಅವನು ಚಿಲಕ ತೆಗೆದಿದ್ದ. ಯಾರೋ ತಂದಿದ್ದ ಚಿತ್ರಾನ್ನದ ಪೊಟ್ಟಣ ಬಿಚ್ಚಿಕೊಂಡು ನಾನು ಕರೆದೆ. ನಾಯಿಗಳು ನಮ್ಮೆಲ್ಲರನ್ನೂ ದಾಟಿ ಎಡಗಡೆಯ ಜಾಲಿ ಪೊದೆಯೊಳಗೆ ಓಡಿಹೋದವು. ಹೊಟ್ಟೆ ಬೆನ್ನಿಗೆ ಅಂಟಿತ್ತು, ಎಲ್ಲೋ ಸತ್ತದ್ದನ್ನು ತಿನ್ನಲು ಹೋದವೆಂದುಕೊಂಡೆ.

ಸ್ವಲ್ಪ ಹೊತ್ತಿಗೆಲ್ಲ ಎರಡೂ ವಾಪಸ್ಸು ಬಂದವು. ಓಡಿ ಬರಲಿಲ್ಲ. ಬಾಲ ಅಲ್ಲಾಡಿಸುತ್ತ, ನಿಧಾನವಾಗಿ, ಉಂಡು ಬಂದವರ ಹಾಗೆ. ಚಿತ್ರಾನ್ನ ಮುಂದಿಟ್ಟರೆ ಕೆಂಚ ಮೂಸಿ ಮುಖ ತಿರುಗಿಸಿತು. ಮೂರು ದಿನ ಉಪವಾಸವಿದ್ದ ನಾಯಿ! ಬೈಯಲು ಬಾಯಿ ತೆರೆದವನು ಅದರ ಮೂತಿ ನೋಡಿ ಹಾಗೇ ನಿಂತೆ. ಮೀಸೆಯವರೆಗೂ ಹಿಟ್ಟು ಮೆತ್ತಿತ್ತು. ಡುಮ್ಮಿಯ ಮೂತಿಗೂ ಅಷ್ಟೇ. ಬೆರಳಿನಲ್ಲಿ ಬಳಿದು ನೋಡಿದೆ. ರಾಗಿ, ಹಿಂಡಿ, ತೌಡು. ಈಗ ತಾನೇ ಕಲೆಸಿದಷ್ಟು ಮೆತ್ತಗೆ, ಬೆಚ್ಚಗೆ.

"ಯಾರ್ ಆಕುದ್ರು ಇದ?" ಅಂದ ಪುಟ್ಟಸಾಮಿ. ಅವನೂ ಮುಟ್ಟಿ ಮೂಸಿದ. ಅವನ ಮುಖ ಕಪ್ಪಿಟ್ಟಿತು.

ಅಕ್ಕ ಕೂತಲ್ಲಿಂದಲೇ ಕೈ ಚಾಚಿದಳು. ಕೆಂಚ ಹೋಗಿ ಅವಳ ತೊಡೆಯ ಮೇಲೆ ತಲೆಯಿಟ್ಟಿತು. ಅದರ ಮೂತಿ ಹಿಡಿದು ಮುಖದ ಹತ್ತಿರ ತಂದುಕೊಂಡಳು. ಎರಡು ದಿನದಿಂದ ಅಳದವಳು ಅಳತೊಡಗಿದಳು. "ನಾನ್ ಕುಟ್ಟಿರೋ ಇಂಗು ಕಣ್ಲಾ. ಅವ್ರ್ ಕಲ್ಸಿರೋದು. ಓಗು, ನಾಯಿ ಇಂದೆ ಓಗು."

ಹೋದೆವು. ನಾಯಿಗಳು ಪೊದೆ ದಾಟಿ, ಒಂದು ದಿಣ್ಣೆ ಹತ್ತಿ ಇಳಿದವು. ಆಚೆ, ನಮ್ಮ ಬಿಡಾರದಿಂದ ಕಾಣದ ಹಾಗೆ, ನೀರು ಒಳಕ್ಕೆ ಚಾಚಿಕೊಂಡ ಒಂದು ಮೂಲೆ. ಅಲ್ಲೊಂದು ಬಿದಿರು ಅರ್ಧ ವಾಲಿಕೊಂಡು ನಿಂತಿತ್ತು. ಭಾವ ನನಗೆ ತೋರಿಸದೆ ಪಳಗಿಸಿಕೊಂಡಿದ್ದ ಜಾಗ. ನಾಯಿಗಳು ದಡದಲ್ಲಿ ಅಕ್ಕಪಕ್ಕ ನೀರಿನ ಕಡೆಗೆ ಮುಖ ಮಾಡಿ ಕೂತವು, ಮಧ್ಯೆ ಒಬ್ಬರು ಕೂರುವಷ್ಟು ಜಾಗ ಬಿಟ್ಟು.

ಪುಟ್ಟಸಾಮಿ ತೆಪ್ಪ ತಂದು ಕೊಕ್ಕೆ ಇಳಿಬಿಟ್ಟ. ಕಟ್ಟೆ ಕಟ್ಟುವ ಮೊದಲು ಅಲ್ಲೊಂದು ಊರಿತ್ತಂತೆ. ಆ ಊರಿನ ಹಳೆಯ ಬಾವಿ ಕೆಸರು ನೀರಿನಡಿ ಮುಚ್ಚಿಹೋಗಿತ್ತು, ಮೇಲಿನಿಂದ ಕಾಣುತ್ತಿರಲಿಲ್ಲ. ಬಿದಿರನ್ನು ಮುಂದೆ ನೆಡಲು ಹೋಗಿ ಭಾವ ಅದರೊಳಗೆ ಕಾಲಿಟ್ಟಿದ್ದರು. ಬಾವಿಯ ಕಲ್ಲಿಗೆ ಪಂಚೆ ಸಿಕ್ಕಿಕೊಂಡಿದ್ದರಿಂದ ಮೇಲೆ ತೇಲಿರಲಿಲ್ಲ. ಡಬ್ಬ ಹೆಗಲಲ್ಲೇ ಇತ್ತು, ಮುಚ್ಚಳ ಬಿಗಿಯಾಗಿಯೇ ಇತ್ತು. ನಾನೇ ತೆಗೆದು ನೋಡಿದೆ. ತುಂಬಿದ ಹಿಟ್ಟು ಹಾಗೇ ಇತ್ತು, ಹುಳಿತು ಬೂಷ್ಟು ಹಿಡಿದು, ಮೂಗಿಡಲಾಗದಷ್ಟು ನಾರುತ್ತಿತ್ತು.

ಮುಖ ಊದಿಕೊಂಡು, ಮೀಸೆಯಿಂದ ಗುರುತು ಹಿಡಿಯುವಂತಿತ್ತು. ನೋಡಬೇಡ ಎಂದೆವು. ಅಕ್ಕ ಕೇಳಲಿಲ್ಲ. ಕೆಸರನ್ನು ಸೆರಗಿನಿಂದ ಒರೆಸಿ, ಬಹಳ ಹೊತ್ತು ನೋಡಿದಳು. ಆಮೇಲೆ ನೀರು ಕೇಳಿ ಕುಡಿದಳು.

ನಾಯಿಗಳು ಆ ಜಾಗ ಕಂಡುಹಿಡಿದದ್ದು ನನಗೆ ಆಶ್ಚರ್ಯವಲ್ಲ. ದಿನಾ ಭಾವನ ಹಿಂದೆ ಅಲ್ಲಿಗೆ ಹೋಗುತ್ತಿದ್ದವು, ಅವುಗಳಿಗೆ ಗೊತ್ತಿತ್ತು, ನಮಗೆ ಬುದ್ಧಿಯಿರಲಿಲ್ಲ. ಮೊದಲ ದಿನವೇ ಹಗ್ಗ ಬಿಚ್ಚಿದ್ದರೆ ಅವತ್ತೇ ತೋರಿಸುತ್ತಿದ್ದವು. ಆದರೆ ಆ ಹಿಟ್ಟು? ಬಿಡಾರದ್ದನ್ನು ನಾನೇ ನೀರುಪಾಲು ಮಾಡಿದ್ದೆ. ಡಬ್ಬದ್ದು ಮುಚ್ಚಳದೊಳಗೆ ಕೊಳೆತಿತ್ತು. ಯಾರಾದರೂ ಬೇರೆ ಗಾಳದವರು ಹಾಕಿದರೇ ಎಂದು ಆ ಮೂಲೆಯನ್ನೆಲ್ಲ ತಡಕಿದೆ. ಹೂಳಿನ ಮೇಲೆ ನಮ್ಮದು, ನಾಯಿಗಳದ್ದು ಬಿಟ್ಟರೆ ಹೊಸ ಹೆಜ್ಜೆ ಬೇರೆ ಯಾರದ್ದೂ ಇರಲಿಲ್ಲ. ಒಲೆಯಿಲ್ಲ, ಬೂದಿಯಿಲ್ಲ. ನಮ್ಮ ಕೆಲಸದಲ್ಲಿ ತಂತಿ ಕಡಿದಿದ್ದರೆ ಕರೆಂಟು ಹರಿಯುವುದಿಲ್ಲ, ಅಷ್ಟೇ ನನಗೆ ಗೊತ್ತಿರುವ ಶಾಸ್ತ್ರ. ಇಲ್ಲಿ ತಂತಿ ಎಲ್ಲಿ ಕೂಡಿತೋ ಇವತ್ತಿಗೂ ಸಿಕ್ಕಿಲ್ಲ. ಪುಟ್ಟಸಾಮಿ ಕೂಡ ಸಿಕ್ಕಾಗಲೆಲ್ಲ ಆ ಮಾತು ಬಿಟ್ಟು ಬೇರೆಲ್ಲ ಮಾತಾಡುತ್ತಾನೆ.

ನಾನು ಗಾಳ ಮುಟ್ಟಿ ವರ್ಷಗಳಾದವು. ಬೆಂಚಿನ ಮೇಲೆ ಕೂತವರು ದೆವ್ವದ ಕಥೆ ತೆಗೆದರೆ ಈಗ ಬಾಯಿ ಮುಚ್ಚಿಕೊಂಡು ತಂತಿ ಸುತ್ತುತ್ತೇನೆ.

ಈಚೆಗೆ ಅಕ್ಕನ ಮನೆಗೆ ಹೋಗಿದ್ದೆ. ಅವಳು ಆ ದಿನದ ಮಾತು ಯಾವತ್ತೂ ಎತ್ತಿದವಳಲ್ಲ. ಊಟಕ್ಕೆ ಕೂತಿದ್ದೆ, ಸಾರು ಬಡಿಸುತ್ತಿದ್ದವಳು ಸೌಟನ್ನು ಹಾಗೇ ಹಿಡಿದು ನಿಂತಳು.

"ನಾಯಿಗೋಳು ಅಸ್ಕಂಡವೆ ಅಂತ ಅವ್ರಿಗ್ ಗೊತ್ತಾಯ್ತು ಕಣ್ಲಾ" ಅಂದಳು. "ಅದೇ ನೀರ್ ಮುಂದೆ ನಾನೂ ಉಪಾಸ ಕೂತಿದ್ನಲ್ಲ. ನಾನ್ ಕಾಣ್ನಿಲ್ವಾ ಅವ್ರಿಗೆ?"

ನಾನು ತಟ್ಟೆ ಮುಂದಕ್ಕೆ ಸರಿಸಿದೆ. ಅವಳು ಸಾರು ಬಡಿಸಿ ಒಳಗೆ ಹೋದಳು.