ಐಸಿನಲ್ಲಿಟ್ಟ ನೀಲಿ

ಎಂಬತ್ತರ ದಶಕದ ಮೊದಲ ವರ್ಷಗಳು. ಧಾರವಾಡದಲ್ಲಿ ನನ್ನ ಸಂಶೋಧನೆಗೆ ನಾಲ್ಕು ವರ್ಷ ತುಂಬಿತ್ತು, ಮುಗಿಯಲು ಇನ್ನೊಂದು ವರ್ಷ ಬೇಕಿತ್ತು. ಅಷ್ಟರಲ್ಲಿ ಅವ್ವಿ ಕಾಗದ ಬರೆಸಿದಳು: ಕುಮಟೆಯ ಹೈಸ್ಕೂಲೊಂದರಲ್ಲಿ ಕೆಲಸ ಖಾಲಿಯಿದೆ, ಜೂನಿಗೆ ಸೇರಿಕೋ. ಹೊನ್ನಾವರದ ಪೇಟೆಯಲ್ಲಿ ಮೀನು ಮಾರಿ ನನ್ನನ್ನು ಓದಿಸಿದವಳು ಅವಳು. ಬೇಡವೆಂದರೆ ನಾನು ಮುಂದುವರಿಯುವವಳಲ್ಲ. ಆದರೆ ಮಗಳು ಮಾಡುವುದೇನೆಂದು ಒಮ್ಮೆ ಕಣ್ಣಾರೆ ನೋಡಿ, ಆಮೇಲೆ ಬೇಡವೆನ್ನಲಿ ಎನಿಸಿತು.

ಫ್ಲೋರಿನ್ ಇರುವ ಅಣುವಿಗೆ ಒಂದು ಎಲೆಕ್ಟ್ರಾನ್ ಹೆಚ್ಚಿಗೆ ಕೊಟ್ಟರೆ ಅದು ರ‍್ಯಾಡಿಕಲ್ ಅಯಾನ್ ಆಗುತ್ತದೆ. ನಮ್ಮದರ ಬಣ್ಣ ಕಡುನೀಲಿ. ಗಾಳಿ ಸೋಕಬಾರದೆಂದು ಬೆರಳುದ್ದದ ಗಾಜಿನ ಕೊಳವೆಯ ಬಾಯಿಯನ್ನೇ ಕರಗಿಸಿ ಮುಚ್ಚುತ್ತಿದ್ದೆವು. ಬಿಸಿಯಾದರೂ ಅದು ಉಳಿಯದು. ಫ್ಲೋರಿನ್ ಆ ಎಲೆಕ್ಟ್ರಾನನ್ನು ಹೊತ್ತುಕೊಂಡು ಅಣುವನ್ನು ಬಿಟ್ಟು ಹೊರಡುತ್ತದೆ, ನೀಲಿಯೂ ಹೋಗುತ್ತದೆ. ಎಷ್ಟು ಹೊತ್ತಿಗೆ ಹೊರಡುತ್ತದೆಂದು ಅಳೆಯುವುದೇ ನನ್ನ ಕೆಲಸ.

ಮೇ ತಿಂಗಳಲ್ಲಿ ಅಂಥದೊಂದು ಕೊಳವೆಯನ್ನು ತಂಪು ಹೆಚ್ಚು ಹೊತ್ತು ನಿಲ್ಲದ ಹಳೆಯ ಥರ್ಮಾಸಿನ ಐಸಿನಲ್ಲಿ ಹುಗಿದು ಊರಿಗೆ ತಂದೆ. ಕುಮಟೆಯಲ್ಲಿ ಬಸ್ಸು ನಿಂತಾಗ ಸೋಡಾ ಅಂಗಡಿಯವನನ್ನು ಕಾಡಿ ಬೇಡಿ ಹೊಸ ಐಸ್ ಹಾಕಿಸಿಕೊಂಡೆ. ಮನೆ ಮುಟ್ಟಿದಾಗ ಅವ್ವಿ ಪೇಟೆಯಿಂದ ಬಂದಿರಲಿಲ್ಲ. ಚಾಪೆ ಹಾಸಿ ಅಡ್ಡಾದವಳಿಗೆ ನಿದ್ದೆ ಹತ್ತಿತು.

ಎದ್ದು ನೋಡಿದರೆ ಅವ್ವಿ ಅಂಗಳದಲ್ಲಿ ಉಪ್ಪು ಹಾಕಿದ ಬಂಗಡೆಗಳನ್ನು ಬಿಸಿಲಿಗೆ ಹರಡಿದ್ದಳು. ಸಾಲಿನ ತುದಿಯಲ್ಲಿ ನನ್ನ ಕೊಳವೆ. ಒಳಗೆ ನೀಲಿ ಇರಲಿಲ್ಲ.

“ಅವ್ವಿ, ಇದ್ನ ಎಂತಕ್ಕೆ ಇಲ್ಲಿಟ್ಟೆ?” ನನ್ನ ಕೂಗಿಗೆ ಮೀನಿಗೆ ಹೊಂಚು ಹಾಕಿದ್ದ ಕಾಗೆಗಳೂ ಹಾರಿದವು.

“ಐಸ್ ಎಲ್ಲ ಕರಗಿ ನೀರಾಗಿತ್ತು ಮಗಾ. ಐಸ್ ಹೋದ್ಮೇಲೆ ಒಣಗ್ಸದೇ ಇದ್ರೆ ಹಾಳಾಗ್ತದಲ್ಲ?”

ಐಸಿನಲ್ಲಿಟ್ಟದ್ದನ್ನು ಐಸ್ ಕರಗಿದ ಮೇಲೆ ಬಿಸಿಲಿಗೇ ಹಾಕಿ ಉಳಿಸಬೇಕು. ಜೀವಮಾನವಿಡೀ ಅವಳು ಮೀನನ್ನು ಹಾಗೆಯೇ ಉಳಿಸಿದ್ದಳು. ಅಷ್ಟು ಯೋಚಿಸುವ ತಾಳ್ಮೆ ನನಗೆಲ್ಲಿಯದು? ಬಾಯಿಗೆ ಬಂದದ್ದು ಅಂದೆ. ಅಂದದ್ದಕ್ಕೆ ಇಂದಿಗೂ ನಾಚಿಕೆಯಾಗುತ್ತದೆ. ಅವಳು ಕೊಳವೆಯನ್ನು ಸೆರಗಿನಿಂದ ಒರೆಸಿ ಬೆಳಕಿಗೆ ಹಿಡಿದಳು.

“ಮನೆಯೊಳ್ಗೆ ತೆಗ್ದಾಗ ಕಪ್ಪಗೆ ಕಂಡಿತ್ತು. ಇದ್ರಲ್ಲಿ ಎಂತ ಇತ್ತು?”

“ನೀಲಿ ಬಣ್ಣ ಇತ್ತು. ನಿಂಗೆ ತೋರ್ಸುಕೆ ತಂದಿದ್ದೆ.”

ಅವಳು ಕೊಳವೆಯನ್ನು ನನ್ನ ಕೈಗಿಟ್ಟು ಬಂಗಡೆಗಳನ್ನು ಮಗುಚತೊಡಗಿದಳು. ಇನ್ನೊಂದು ವರ್ಷದ ಮಾತೆತ್ತಲು ನನಗೆ ಮುಖವಿರಲಿಲ್ಲ. ಮೂರನೆಯ ದಿನ ಹೈಸ್ಕೂಲಿನ ಕೆಲಸಕ್ಕೆ ಅರ್ಜಿ ಬರೆದು ಚೀಲದಲ್ಲಿಟ್ಟುಕೊಂಡೆ. ಧಾರವಾಡಕ್ಕೆ ಹೋಗುವ ದಾರಿಯಲ್ಲಿ ಕುಮಟೆಯಲ್ಲಿಳಿದು ಕೊಡುವುದೆಂದು.

ಅವ್ವಿ ಮೀನಿನ ಬುಟ್ಟಿ ಹೊತ್ತೇ ಬಸ್ಸಿನವರೆಗೆ ಬಂದಳು. ಥರ್ಮಾಸನ್ನು ಕೈಗಿಟ್ಟಳು. ಅದಕ್ಕೆ ಭತ್ತದ ಹೊಟ್ಟು ತುಂಬಿದ ಗೋಣಿಯ ದಪ್ಪ ಅಂಗಿ ಹೊಲಿದಿದ್ದಳು. ಅವಳ ಐಸ್ ಪೆಟ್ಟಿಗೆಗೂ ಹೊಟ್ಟಿನದೇ ರಕ್ಷಣೆ.

“ಇನ್ನು ಬೇಗ ಕರಗೂದಿಲ್ಲ. ಬರೋ ಮೇ ತಿಂಗ್ಳಿಗೆ ಮತ್ತೆ ಮಾಡ್ಕಂಡ್ ಬಾ. ಆ ನೀಲಿ ಎಂತದು, ನಾನೂ ನೋಡ್ತೆ.”

ಕುಮಟೆಯಲ್ಲಿ ಬಸ್ಸು ಹತ್ತು ನಿಮಿಷ ನಿಂತಿತು. ನಾನು ಇಳಿಯಲಿಲ್ಲ.